ಕಡಲಿನ ಎಣ್ಣೆ ಪ್ರಾಜೆಕ್ಟಿಗೆ ಹೊರಟವರಿಗೆ: ಕೆಲಸ ಅಳೆಯೋದು, ಕೈ ಬದಲಿಸೋದು ಹೇಗೆ

ದಸರಾ ಹತ್ತಿರ ಬಂತು ಅಂದರೆ ನನಗೆ ಫೋನ್ ಜಾಸ್ತಿ. ಪಶ್ಚಿಮ ಕಡಲಲ್ಲಿ ಮಳೆಗಾಲ ಮುಗಿದು ಸೀಸನ್ ಶುರುವಾಗುವ ಹೊತ್ತು ಅದು. ತೋರಣಗಲ್ಲು, ಸಂಡೂರು, ಗಿಣಿಗೇರಿ, ಶಕ್ತಿನಗರ ಕಡೆಯ ಹುಡುಗರು ಫೋನ್ ಮಾಡುತ್ತಾರೆ. ವೆಲ್ಡರ್, ಫಿಟ್ಟರ್, ಕ್ರೇನಿಗೆ ಹೊರೆ ಕಟ್ಟುವ ರಿಗ್ಗರ್, ಅಟ್ಟಣಿಗೆ ಕಟ್ಟುವ ಸ್ಕ್ಯಾಫೋಲ್ಡರ್. ಈಗೀಗ ಡಿಪ್ಲೊಮಾ ಮುಗಿಸಿ ಯಾರ್ಡಿನ ಪ್ಲಾನಿಂಗ್ ಆಫೀಸಿಗೆ ಸೇರಿದ ಹೆಣ್ಣುಮಕ್ಕಳೂ ಮಾಡುತ್ತಾರೆ, ಅದು ನನಗೆ ತುಂಬಾ ಖುಷಿ. "ಅಣ್ಣಾ, ಆಫ್‌ಶೋರ್ ಕೆಲಸ ಸಿಕ್ಕಿದೆ, ಏನು ತಯಾರಿ ಮಾಡಿಕೊಳ್ಳಲಿ?" ಅಂತ ಕೇಳುತ್ತಾರೆ. ಫೋನಿನಲ್ಲಿ ಅರ್ಧ ಗಂಟೆ ಹೇಳಿದರೂ ಅರ್ಧ ಮಾತು ಉಳಿದೇ ಹೋಗುತ್ತೆ. ಅದಕ್ಕೆ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು 16 ವರ್ಷ ಈ ಕೆಲಸದಲ್ಲಿದ್ದೆ. ಬಳ್ಳಾರಿ ಐಟಿಐ ಮುಗಿಸಿ ಸ್ಟೀಲ್ ಪ್ಲಾಂಟಿನ ಶಟ್‌ಡೌನ್‌ಗಳಲ್ಲಿ ಪೈಪ್ ಫಿಟ್ಟರ್ ಆಗಿ ಶುರು ಮಾಡಿದೆ. ಆಮೇಲೆ ಕಡಲಿಗೆ ಹೋದೆ. ಅಲ್ಲಿ ಫೋರ್ಮನ್ ಆದೆ. ಕೊನೆಯ ಆರು ವರ್ಷ ನನ್ನ ಕೆಲಸ ಒಂದೇ, ಎಲ್ಲ ಗ್ಯಾಂಗುಗಳ ಹತ್ತಿರ ಹೋಗಿ ಕೆಲಸ ಎಷ್ಟಾಯ್ತು ಅಂತ ಕೇಳಿ ಲೆಕ್ಕ ಇಡೋದು. ಅಷ್ಟು ವರ್ಷದಲ್ಲಿ ನಾನು ಕಲಿತದ್ದನ್ನೆಲ್ಲ ಒಂದೇ ಮಾತಿನಲ್ಲಿ ಹೇಳು ಅಂದರೆ ಇದನ್ನೇ ಹೇಳುತ್ತೇನೆ: ನಿಮ್ಮ ಹಿಂದೆ ಬರುವ ಗ್ಯಾಂಗು ಒಂದು ಪ್ರಶ್ನೆಯನ್ನೂ ಕೇಳದೆ ಕೈಗೆ ತಗೊಳ್ಳುವಷ್ಟು ಮುಗಿದಿದ್ದರೆ ಮಾತ್ರ ಅದನ್ನು ಆದ ಕೆಲಸ ಅಂತ ಎಣಿಸಿ. ಉಳಿದದ್ದೆಲ್ಲ ಇನ್ನೂ ನಿಮ್ಮ ತಲೆ ಮೇಲೇ ಇದೆ.

ಮೊದಲು ಇಡೀ ಕೆಲಸದ ಚಿತ್ರ ತಲೆಯಲ್ಲಿ ಇಟ್ಟುಕೊಳ್ಳಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆ ವಾರ ನಮ್ಮ ಕಡೆ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಭತ್ತ ಹಾಕಿದವರ ಮುಖ ನೋಡೋಕೆ ಆಗುತ್ತಿರಲಿಲ್ಲ. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರು ಬಂದು, ಹರಿಯುವ ನೀರಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲು ನೀರು ತಡೆಯುವ ಕಬ್ಬಿಣದ ತಡೆ, ಇಳಿಸೋಣ ಅಂದರು. ಗೇಟಿನಷ್ಟು ದೊಡ್ಡ ತುಂಡನ್ನು ಒಂದೇ ಸಲ ಇಳಿಸೋದು ಆಗದ ಮಾತು, ಅದಕ್ಕೆ ಐದು ತುಂಡು ಮಾಡಿದರು. ಸುತ್ತಮುತ್ತಲ ಬೇರೆ ಬೇರೆ ವರ್ಕ್‌ಶಾಪ್‌ಗಳಲ್ಲಿ ಹಗಲು ರಾತ್ರಿ ಕೂತು ಕಟ್ಟಿದರು, ಟ್ರೇಲರ್ ಮೇಲೆ ತಂದರು, ಕ್ರೇನಿನಲ್ಲಿ ಒಂದರ ಮೇಲೊಂದು ಕೂರಿಸಿದರು. ಒಂದು ವಾರದಲ್ಲಿ ನೀರು ನಿಂತಿತು. ಯೋಚನೆ ಮಾಡಿ. ಒಂದು ವರ್ಕ್‌ಶಾಪ್ ತನ್ನ ತುಂಡನ್ನು ಒಂದು ಇಂಚು ಅಗಲ ಜಾಸ್ತಿ ಮಾಡಿದ್ದರೆ? ಅಲ್ಲಿ ಕ್ರೇನಿನ ಕೊಂಡಿಗೆ ನೇತುಹಾಕಿಕೊಂಡು, ಕೆಳಗೆ ನೀರು ಭೋರ್ಗರೆಯುವಾಗ ಕಟಿಂಗ್ ಮಾಡೋಕೆ ಆಗುತ್ತಿತ್ತಾ?

ಕಡಲಿನ ಪ್ರಾಜೆಕ್ಟ್ ಅಂದರೆ ಇದೇ ಕೆಲಸ, ಆದರೆ ಒಂದು ವಾರದ ಬದಲು ಮೂರು ನಾಲ್ಕು ವರ್ಷ. ಮುಂಬೈ ಹೈ ಅನ್ನುವ ಎಣ್ಣೆ ಜಾಗ ಇರೋದು ದಡದಿಂದ ಸುಮಾರು 160 ಕಿಲೋಮೀಟರ್ ದೂರ, ಹೆಚ್ಚುಕಡಿಮೆ ಬಳ್ಳಾರಿಯಿಂದ ರಾಯಚೂರಿಗೆ ಹೋದಷ್ಟು. ನೀರಿನ ಆಳ ಸುಮಾರು 75 ಮೀಟರ್. 1974ರಲ್ಲಿ ಸಾಗರ್ ಸಾಮ್ರಾಟ್ ಅನ್ನುವ ರಿಗ್ಗು ಅಲ್ಲಿ ಎಣ್ಣೆ ಕಂಡಿತು, 1976ರಲ್ಲಿ ತೆಗೆಯೋಕೆ ಶುರು ಮಾಡಿದರು, ಇವತ್ತಿಗೂ ಅಲ್ಲಿ ಹೊಸ ಪ್ಲಾಟ್‌ಫಾರ್ಮ್ ಕೂರಿಸುತ್ತಾರೆ, ಹಳೆಯದನ್ನು ರಿಪೇರಿ ಮಾಡುತ್ತಾರೆ. ನಮ್ಮವರಿಗೆ ಜಾಸ್ತಿ ಕೆಲಸ ಸಿಗೋದು ಅಲ್ಲೇ.

ಅಲ್ಲಿ ಪ್ಲಾಟ್‌ಫಾರ್ಮ್ ಕಟ್ಟುವ ಕ್ರಮ ಹೀಗೆ. ಮೊದಲು ಡ್ರಾಯಿಂಗ್. ಆಮೇಲೆ ಸಾಮಾನು ಆರ್ಡರ್. ದೊಡ್ಡ ಕಂಪ್ರೆಸರ್, ಟರ್ಬೈನ್ ಇಂಥವು ಬರೋಕೇ ವರ್ಷಕ್ಕಿಂತ ಜಾಸ್ತಿ ಹಿಡಿಯಬಹುದು. ದಡದ ಯಾರ್ಡಿನಲ್ಲಿ ಜಾಕೆಟ್ ಕಟ್ಟುತ್ತಾರೆ, ಅಂದರೆ ಕಡಲ ತಳದಿಂದ ನೀರಿನ ಮೇಲಿನವರೆಗೆ ನಿಲ್ಲುವ ಕಬ್ಬಿಣದ ಕಾಲುಗಳ ಚೌಕಟ್ಟು. ಬೇರೆ ಕಡೆ ಟಾಪ್‌ಸೈಡ್ ಕಟ್ಟುತ್ತಿರುತ್ತಾರೆ, ಅಂದರೆ ಮೇಲೆ ಕೂರುವ ಇಡೀ ಪ್ಲಾಂಟು. ಜಾಕೆಟ್ಟನ್ನು ಬಾರ್ಜ್, ಅಂದರೆ ಚಪ್ಪಟೆ ತಳದ ದೊಡ್ಡ ದೋಣಿ, ಮೇಲೆ ಒಯ್ದು, ಕಡಲಿಗೆ ಜಾರಿಸಿ, ನೆಟ್ಟಗೆ ನಿಲ್ಲಿಸಿ, ಅದನ್ನು ಹಿಡಿದಿಡೋಕೆ ಕಡಲ ತಳಕ್ಕೆ ಪೈಲ್ ಹೊಡೆಯುತ್ತಾರೆ. ಅದರ ಮೇಲೆ ಟಾಪ್‌ಸೈಡ್ ಇಡುತ್ತಾರೆ. ಆಮೇಲೆ ಹುಕ್-ಅಪ್, ಅಂದರೆ ಎಲ್ಲ ಪೈಪು, ಕೇಬಲ್ಲು ಜೋಡಿಸೋದು. ಕೊನೆಗೆ ಕಮಿಷನಿಂಗ್, ಅಂದರೆ ಎಲ್ಲ ಪರೀಕ್ಷೆ ಮಾಡಿ ಚಾಲೂ ಮಾಡೋದು. ಕಾಕಿನಾಡ ಕಡೆಯ ಕತೆ ಬೇರೆ. ಅಲ್ಲಿ ನೂರಾರು ಮೀಟರ್, ಕೆಲವು ಕಡೆ ಸಾವಿರಾರು ಮೀಟರ್ ಆಳ, ಅಷ್ಟು ಕೆಳಗಿಂದ ಕಾಲು ಕಟ್ಟಿ ನಿಲ್ಲಿಸೋದು ಆಗಲ್ಲ. ಬಾವಿಗಳು ಕಡಲ ತಳದಲ್ಲೇ ಇರುತ್ತವೆ, ಮೇಲೆ ತೇಲುವ ಹಡಗೇ ಪ್ಲಾಂಟು. ಓಎನ್‌ಜಿಸಿಯ 98/2 ಬ್ಲಾಕಿನಲ್ಲಿ 2024ರ ಜನವರಿ 7ರಂದು ಮೊದಲ ಎಣ್ಣೆ ಬಂದದ್ದು ಅಂಥ ಹಡಗಿಗೇ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನೀವು ಆ ಸಾಲಿನಲ್ಲಿ ಎಲ್ಲಿದ್ದೀರಿ ಅನ್ನೋದು ನಿಮಗೆ ಗೊತ್ತಿರಬೇಕು. ಕೆಲಸಕ್ಕೆ ಸೇರಿದ ಮೊದಲ ದಿನವೇ ಎರಡು ಪ್ರಶ್ನೆ ಕೇಳಿ. ನನಗೆ ಕೆಲಸ ಕೊಡುವವರು ಯಾರು? ನಾನು ಮುಗಿಸಿದ ಮೇಲೆ ತಗೊಳ್ಳುವವರು ಯಾರು? ಬಾಸ್ ಹೆಸರು ಹೇಳಿದರೆ ಸಾಲದು. ನೀವು ಪೈಪ್ ಫಿಟ್ಟರ್ ಆದರೆ ನಿಮ್ಮ ಹಿಂದೆ ವೆಲ್ಡರ್, ಅವನ ಹಿಂದೆ ಎಕ್ಸ್‌ರೇ ತೆಗೆಯುವವರು, ಅವರ ಹಿಂದೆ ಪೈಪಿಗೆ ನೀರು ತುಂಬಿ ಒತ್ತಡ ಕೊಟ್ಟು ನೋಡುವ ಹೈಡ್ರೋಟೆಸ್ಟ್, ಅದರ ಹಿಂದೆ ಪೇಂಟು. ನಿಮಗಿಂತ ಮೊದಲು ಸ್ಕ್ಯಾಫೋಲ್ಡಿಂಗ್ ಮತ್ತು ಸ್ಟೋರು. ಈ ಏಳೆಂಟು ಜನರ ಮುಖ, ಹೆಸರು, ಯಾವ ಶಿಫ್ಟು, ರೇಡಿಯೋ ಯಾವ ಚಾನೆಲ್ಲು, ಇದನ್ನು ಒಂದು ವಾರದೊಳಗೆ ಬಾಯಿಪಾಠ ಮಾಡಿಕೊಳ್ಳಿ.

ಕೆಲಸ ಎಷ್ಟಾಯ್ತು ಅಂತ ಲೆಕ್ಕ ಹಾಕೋದು

ಪೈಪಿಂಗ್ ಕೆಲಸವನ್ನು ಡಯಾ-ಇಂಚಿನಲ್ಲಿ ಅಳೆಯುತ್ತಾರೆ. 6 ಇಂಚಿನ ಪೈಪಿನ ಒಂದು ಜಾಯಿಂಟ್ ಅಂದರೆ 6. 24 ಇಂಚಿನದು ಅಂದರೆ 24. ಸ್ಟ್ರಕ್ಚರ್ ಟನ್ ಲೆಕ್ಕದಲ್ಲಿ, ಕೇಬಲ್ ಮೀಟರ್ ಲೆಕ್ಕದಲ್ಲಿ. ಇವನ್ನೆಲ್ಲ ಕೂಡಿಸಿ ಶೇಕಡಾ ತೆಗೆದು ಗ್ರಾಫ್ ಹಾಕಿದರೆ ಉದ್ದ ಎಳೆದ ಇಂಗ್ಲಿಷ್ ಎಸ್ ಅಕ್ಷರದ ಥರ ಕಾಣುತ್ತೆ. ಮೊದಲು ನಿಧಾನ, ಮಧ್ಯೆ ಜೋರು, ಕೊನೆಗೆ ಮತ್ತೆ ನಿಧಾನ. ಪ್ಲಾನಿನ ಗೆರೆ ಒಂದು, ನಿಜವಾಗಿ ಆದದ್ದರ ಗೆರೆ ಇನ್ನೊಂದು.

ಒಂದು ಜಾಯಿಂಟ್ ವೆಲ್ಡ್ ಆಯ್ತು ಅಂದ ಕೂಡಲೇ ಪೂರ್ತಿ ಅಂಕ ಕೊಡಬಾರದು. ಹಂತ ಹಂತವಾಗಿ ಕೊಡಬೇಕು. ಪ್ರತಿ ಪ್ರಾಜೆಕ್ಟಿನಲ್ಲೂ ಈ ಹಂಚಿಕೆ ಬೇರೆ ಇರುತ್ತೆ, ನಾನು ಇಟ್ಟುಕೊಂಡಿದ್ದ ಒಂದು ಹಂಚಿಕೆ ಹೇಳುತ್ತೇನೆ. ಸ್ಪೂಲನ್ನು, ಅಂದರೆ ಮೊದಲೇ ಜೋಡಿಸಿಟ್ಟ ಪೈಪಿನ ತುಂಡನ್ನು, ಜಾಗಕ್ಕೆ ತಂದು ನಿಲ್ಲಿಸಿದರೆ 30. ವೆಲ್ಡ್ ಅಥವಾ ಬೋಲ್ಟ್ ಪೂರ್ತಿಯಾದರೆ 40. ಸಪೋರ್ಟ್ ಕೂತರೆ 10. ಟೆಸ್ಟ್ ಪಾಸಾದರೆ 15. ಕಾಗದ ಸಹಿಯಾಗಿ ಫೈಲಿಗೆ ಹೋದರೆ ಉಳಿದ 5. "ಕಾಗದಕ್ಕೆ ಯಾಕಣ್ಣ 5?" ಅಂತ ಕೇಳುತ್ತಾರೆ. ಕಾಗದ ಇಲ್ಲದ ಜಾಯಿಂಟನ್ನು ಹಿಂದೆ ಬರುವವರು ನಂಬಿ ತಗೊಳ್ಳಲ್ಲ, ಮತ್ತೆ ಎಕ್ಸ್‌ರೇ ತೆಗೆಸುತ್ತಾರೆ. ಅಂದರೆ ಅದು ಕೈ ಬದಲಾಗಿಲ್ಲ ಅಂತಲೇ ಅರ್ಥ.

ಈಗ ಒಂದು ವಾಲ್ವಿನ ಕತೆ ಹೇಳುತ್ತೇನೆ. ಒಂದು ಯಾರ್ಡು, ಹೆಸರು ಬೇಡ. ಆಗ ನಾನು ಪೈಪಿಂಗ್ ಫೋರ್ಮನ್. ಟಾಪ್‌ಸೈಡಿನ ಕೆಳಗಿನ ಡೆಕ್ಕಿನಲ್ಲಿ 2 ಇಂಚಿನ ಒಂದು ಡ್ರೇನ್ ಲೈನು, ಅದಕ್ಕೊಂದು ಬಾಲ್ ವಾಲ್ವು. ಲೈನ್ ಹಾಕಿದೆವು, ಟೆಸ್ಟ್ ಮಾಡಿದೆವು, ಪಾಸಾಯ್ತು. ನಾನು ಪೂರ್ತಿ ಅಂಕ ಬರೆದೆ. ಎರಡು ವಾರ ಬಿಟ್ಟು ಎಲೆಕ್ಟ್ರಿಕಲ್‌ನವರು ಪಕ್ಕದಲ್ಲೇ ಕೇಬಲ್ ಟ್ರೇಗೆ ಬ್ರಾಕೆಟ್ ಬಡಿದರು. ಅವರ ಡ್ರಾಯಿಂಗ್ ಪ್ರಕಾರ ಅದು ಸರಿಯಾಗೇ ಇತ್ತು. ಅವರೂ ಪೂರ್ತಿ ಅಂಕ ಬರೆದರು. ಸ್ಕ್ಯಾಫೋಲ್ಡ್ ಬಿಚ್ಚಿದರು. ಟಾಪ್‌ಸೈಡ್ ಕಡಲಿಗೆ ಹೋಯಿತು. ಅಲ್ಲಿ ಕಮಿಷನಿಂಗ್ ಹುಡುಗ ಬಂದು ವಾಲ್ವ್ ತಿರುಗಿಸಿದರೆ ಹ್ಯಾಂಡಲ್ ಪೂರ್ತಿ ತಿರುಗದೆ ಅರ್ಧಕ್ಕೇ ಬ್ರಾಕೆಟ್ಟಿಗೆ ಟಕ್ ಅಂತ ಬಡಿದು ನಿಂತಿತು. ಅಷ್ಟೇ. ಎಂಟು ಸೆಂಟಿಮೀಟರ್ ಆ ಕಡೆ ಇದ್ದಿದ್ದರೆ ಏನೂ ಇರಲಿಲ್ಲ. ಯಾರ್ಡಿನಲ್ಲಿ ಅದು ಒಬ್ಬ ವೆಲ್ಡರನ ಅರ್ಧ ಗಂಟೆ ಕೆಲಸ. ಕಡಲಿನಲ್ಲಿ ಏನಾಯ್ತು ಗೊತ್ತಾ? ಸ್ಕ್ಯಾಫೋಲ್ಡ್ ಕಟ್ಟಬೇಕು. ಆ ಟ್ರೇಯ ಕೇಬಲ್ ಕರೆಂಟ್ ತೆಗೆಯಬೇಕು. ಹಾಟ್ ವರ್ಕ್ ಪರ್ಮಿಟ್, ಅಂದರೆ ಕಿಡಿ ಹಾರುವ ಕೆಲಸಕ್ಕೆ ಅನುಮತಿ ಕಾಗದ ಬೇಕು. ಗ್ಯಾಸ್ ಟೆಸ್ಟ್ ಮಾಡುವವರು ಬೇಕು. ಬೆಂಕಿ ಕಾಯೋಕೆ ಒಬ್ಬ ನಿಲ್ಲಬೇಕು. ಆರು ಜನ, ಎರಡು ದಿನ. ಆ ಆರು ಜನರಿಗೆ ಬಾರ್ಜಿನಲ್ಲಿ ಹಾಸಿಗೆ ಕೊಡಬೇಕು ಅಂತ ಬೇರೆ ಆರು ಜನರನ್ನು ದಡದಲ್ಲೇ ಉಳಿಸಿದ್ದರು.

ತಪ್ಪು ನನ್ನದೂ ಇತ್ತು. ಟೆಸ್ಟ್ ದಿನ ವಾಲ್ವನ್ನು ತಿರುಗಿಸಿ ನೋಡಿದ್ದೆ, ಆದರೆ ಯಾರ್ಡ್ ಬಿಡುವ ಮೊದಲು ಮತ್ತೆ ಹೋಗಿ ನೋಡಲಿಲ್ಲ. ನನ್ನ ಹಿಂದೆ ಬರುವವನು ಕಮಿಷನಿಂಗ್ ಹುಡುಗ. ಅವನ ಕೈಗೆ ಸಿಗುವವರೆಗೆ ಅದು ನನ್ನದೇ. ಆವತ್ತಿನಿಂದ ನಾನು ಪ್ರತಿ ವಾಲ್ವಿಗೂ ಲೋಡ್-ಔಟ್, ಅಂದರೆ ಯಾರ್ಡಿನಿಂದ ಬಾರ್ಜಿಗೆ ಏರಿಸುವ ಮೊದಲು ಒಂದು ಸುತ್ತು ಹಾಕಿ, ಕೈಯಿಂದ ಪೂರ್ತಿ ತೆರೆದು ಪೂರ್ತಿ ಮುಚ್ಚಿ, ಹ್ಯಾಂಡಲಿಗೆ ಬಿಳಿ ಪೇಂಟಿನ ಚುಕ್ಕೆ ಇಡುವ ಅಭ್ಯಾಸ ಮಾಡಿಕೊಂಡೆ. ನೀವೂ ಮಾಡಿ. ಅಂಥ ಸುತ್ತಿಗೆ ಒಬ್ಬರೇ ಹೋಗಬೇಡಿ, ಎಲೆಕ್ಟ್ರಿಕಲ್‌ನಿಂದ ಒಬ್ಬರು, ಇನ್‌ಸ್ಟ್ರುಮೆಂಟ್‌ನಿಂದ ಒಬ್ಬರು ಜೊತೆಗಿರಲಿ. ಮೂರು ಜೊತೆ ಕಣ್ಣಿಗೆ ಬೀಳುವಷ್ಟು ಒಂದು ಜೊತೆ ಕಣ್ಣಿಗೆ ಬೀಳಲ್ಲ.

ಇನ್ನೊಂದು ಮೋಸ ಇದೆ. ಯಾರೂ ಬೇಕು ಅಂತ ಮಾಡೋದಲ್ಲ, ತಾನಾಗೇ ಆಗುತ್ತೆ. ದೊಡ್ಡ ಪೈಪಿನ ಒಂದು ಜಾಯಿಂಟಿಗೆ 24 ಸಿಗುತ್ತೆ, ಸಣ್ಣದಕ್ಕೆ 1 ಅಥವಾ 2. ತಿಂಗಳ ಕೊನೆಗೆ ಅಂಕ ಕಮ್ಮಿ ಬಿದ್ದರೆ ಎಲ್ಲರೂ ದೊಡ್ಡ ಪೈಪಿಗೆ ಕೈ ಹಾಕುತ್ತಾರೆ. ಗ್ರಾಫ್ ಚೆನ್ನಾಗಿ ಏರುತ್ತೆ. 90 ದಾಟುತ್ತೆ. ಆಮೇಲೆ ನಿಂತುಬಿಡುತ್ತೆ. ಉಳಿದದ್ದೆಲ್ಲ ಸಣ್ಣ ಸಣ್ಣ ಲೈನು, ಮೂಲೆಯಲ್ಲಿರೋದು, ಡ್ರಾಯಿಂಗ್ ಬದಲಾದದ್ದು, ಜಾಯಿಂಟಿನ ಮಧ್ಯೆ ಹಾಕುವ ಗ್ಯಾಸ್ಕೆಟ್ ಬರದೆ ಕೂತದ್ದು. ಕೊನೆಯ 10ಕ್ಕೆ ಹಿಡಿಯುವ ಬೆವರು ಮೊದಲ 40ಕ್ಕೂ ಹಿಡಿದಿರಲ್ಲ. ಅದಕ್ಕೆ ಯಾರಾದರೂ "90 ಆಯ್ತು" ಅಂದರೆ ಖುಷಿ ಪಡುವ ಮೊದಲು ಉಳಿದ 10 ಯಾವುದು ಅಂತ ಲಿಸ್ಟ್ ಕೇಳಿ. ಹಾಗೇ, ಪ್ಲಾನ್ 70 ಇದ್ದು ನಿಜ 66 ಇದ್ದರೆ, ಹಿಂದೆ ಬಿದ್ದ ಆ 4 ಯಾವ ಜಾಗದ್ದು ಅಂತ ಹುಡುಕಿ. ಪೇಂಟಿಂಗ್ 4 ಹಿಂದೆ ಬಿದ್ದರೆ ನಾಳೆ ಜನ ಹಾಕಿ ಮಾಡಬಹುದು. ಟಾಪ್‌ಸೈಡ್ ಎತ್ತುವ ಕೊಂಡಿ, ಆ ಕೊಂಡಿ ಹಾಕುವ ಕಿವಿಗಳ ವೆಲ್ಡಿಂಗು ಹಿಂದೆ ಬಿದ್ದರೆ ದೊಡ್ಡ ಕ್ರೇನ್ ಹಡಗು ಬಂದು ಸುಮ್ನೆ ನಿಲ್ಲುತ್ತೆ. ಎರಡೂ ಅದೇ 4, ಅಲ್ವಾ?

ಏರಿಯಾ ಬಿಟ್ಟು ಸಿಸ್ಟಮ್ ಹಿಡಿಯೋದು

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಮಹಾದಾಸೋಹ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಊರೂರಿಂದ ರೊಟ್ಟಿ ಬರುತ್ತೆ, ಚೀಲಗಟ್ಟಲೆ. ಆದರೆ ರೊಟ್ಟಿ ರಾಶಿ ಇದ್ದು ಪಲ್ಯ ಆಗಿಲ್ಲ ಅಂದರೆ ಒಂದು ಪಂಕ್ತಿಯನ್ನೂ ಕೂರಿಸೋಕೆ ಬರಲ್ಲ. ಒಂದು ಪಂಕ್ತಿ ಎದ್ದಿತು ಅನ್ನಬೇಕಾದರೆ ರೊಟ್ಟಿ, ಪಲ್ಯ, ಅನ್ನ, ಸಾರು, ನೀರು, ಬಡಿಸುವ ಕೈ, ಎಲ್ಲ ಒಟ್ಟಿಗೆ ಇರಬೇಕು.

ಪ್ಲಾಟ್‌ಫಾರ್ಮಿನಲ್ಲೂ ಅಷ್ಟೇ. ಮೊದಮೊದಲು ಏರಿಯಾ ಪ್ರಕಾರ ಕಟ್ಟೋದು ಸರಿ: ಕೆಳಗಿನ ಡೆಕ್, ಮೇಲಿನ ಡೆಕ್, ಈ ಮೂಲೆ, ಆ ಮೂಲೆ. ಆದರೆ ಕೆಲಸ ಶೇಕಡಾ 70–75 ಹತ್ತಿರ ಬಂದಾಗ ದಿಕ್ಕು ಬದಲಿಸಬೇಕು. ಆಮೇಲೆ ಕೇಳಬೇಕಾದ್ದು ಯಾವ ಡೆಕ್ ಮುಗಿಯಿತು ಅಂತಲ್ಲ, ಯಾವ ಸಿಸ್ಟಮ್ ಚಾಲೂ ಮಾಡಬಹುದು ಅಂತ. ಕ್ರಮ ಸುಮಾರಾಗಿ ಹೀಗಿರುತ್ತೆ: ಕರೆಂಟು, ಬೆಂಕಿ-ಗ್ಯಾಸ್ ಕಂಡುಹಿಡಿಯುವ ಸೆನ್ಸರುಗಳು, ಬೆಂಕಿ ಆರಿಸುವ ನೀರು, ಕಂಟ್ರೋಲ್ ವಾಲ್ವುಗಳನ್ನು ಆಡಿಸುವ ಇನ್‌ಸ್ಟ್ರುಮೆಂಟ್ ಗಾಳಿ, ಡೀಸೆಲ್. ಇವೆಲ್ಲ ಕೆಲಸ ಮಾಡುತ್ತಿವೆ ಅಂತ ಖಾತ್ರಿಯಾಗುವವರೆಗೆ ಎಣ್ಣೆ, ಗ್ಯಾಸ್ ಒಳಗೆ ಬಿಡೋ ಹಾಗೇ ಇಲ್ಲ.

ಇದನ್ನು ಮಾಡೋಕೆ ದೊಡ್ಡ ಸಾಫ್ಟ್‌ವೇರ್ ಬೇಕಾಗಿಲ್ಲ, ಇದ್ದರೆ ಒಳ್ಳೆಯದು. ನಾನು ಮಾಡುತ್ತಿದ್ದದ್ದು ಹೀಗೆ. ಫೈರ್ ವಾಟರ್ ಸಿಸ್ಟಮಿನ ಡ್ರಾಯಿಂಗನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸುತ್ತಿದ್ದೆ. ವೆಲ್ಡ್ ಆದ ಲೈನಿಗೆ ಹಳದಿ ಸ್ಕೆಚ್ ಪೆನ್. ಟೆಸ್ಟ್ ಆದರೆ ಅದರ ಮೇಲೆ ಹಸಿರು. ಏನಾದರೂ ಬಾಕಿ ಇದ್ದರೆ ಕೆಂಪು ಸುತ್ತು. ಬೆಳಿಗ್ಗೆ ಚಹಾ ಕುಡಿಯೋಕೆ ಬಂದ ವೆಲ್ಡರ್ ಅದರ ಮುಂದೆ ನಿಂತು "ಈ ಕೆಂಪು ಇನ್ನೂ ಯಾಕೆ ಇದೆ?" ಅಂತ ತಾನೇ ಕೇಳೋಕೆ ಶುರು ಮಾಡಿದ ದಿನ ನನಗೆ ಗೊತ್ತಾಯಿತು, ಇದು ಕೆಲಸ ಮಾಡುತ್ತೆ ಅಂತ. ಇಂಗ್ಲಿಷ್ ಓದೋಕೆ ಬರದ ರಿಗ್ಗರ್‌ಗೂ ಬಣ್ಣ ಓದೋಕೆ ಬರುತ್ತೆ.

ಬಾಕಿ ಲಿಸ್ಟಿಗೆ ಪಂಚ್ ಲಿಸ್ಟ್ ಅನ್ನುತ್ತಾರೆ. ಅದರಲ್ಲಿ ಎ, ಬಿ, ಸಿ ಅಂತ ಭಾಗ. ಎ ಅಂದರೆ ಇದು ಮುಗಿಯದೆ ಚಾಲೂ ಮಾಡೋ ಹಾಗಿಲ್ಲ. ಬಿ ಅಂದರೆ ಹಸ್ತಾಂತರದ ಮೊದಲು ಮುಗಿಸಬೇಕು. ಸಿ ಅಂದರೆ ಆಮೇಲೆ ನೋಡಿಕೊಳ್ಳಬಹುದು. ತಾರೀಖು ಹತ್ತಿರ ಬಂದ ಹಾಗೆ ಎ ಇದ್ದದ್ದು ಬಿ ಆಗೋಕೆ ನೋಡುತ್ತೆ. ಆಗ ನೀವು ಗಟ್ಟಿಯಾಗಿ ನಿಲ್ಲಬೇಕು. ಅದರ ಪಕ್ಕ ನಿಂತು ಕೆಲಸ ಮಾಡುವವನು ಇನ್ನೊಬ್ಬ ಊರಿನ ಇನ್ನೊಬ್ಬ ಹುಡುಗ.

ಬೆಳಗಿನ ಹತ್ತು ನಿಮಿಷ

ಪ್ರತಿ ಶಿಫ್ಟಿನ ಮೊದಲು ಟೂಲ್‌ಬಾಕ್ಸ್ ಟಾಕ್ ಇರುತ್ತೆ. ಬಹಳ ಕಡೆ ಅದು ತಲೆ ಎಣಿಸಿ, ಸಹಿ ಹಾಕಿಸಿ ಮುಗಿದುಹೋಗುತ್ತೆ. ನೀವು ಚಾರ್ಜ್‌ಹ್ಯಾಂಡ್, ಅಂದರೆ ಗ್ಯಾಂಗಿನ ಮುಂದಾಳು ಆದರೆ ಹಾಗೆ ಮಾಡಬೇಡಿ. ಮೂರು ವಿಷಯ ಹೇಳಿ ಸಾಕು: ನಿನ್ನೆ ಯಾರಿಂದ ಏನು ತಗೊಂಡೆವು, ಇವತ್ತು ಯಾರಿಗೆ ಏನು ಕೊಡಬೇಕು, ಏನು ಅಡ್ಡ ಬಂದಿದೆ. ಹೇಳುವಾಗ ಟ್ಯಾಗ್ ನಂಬರ್ ಹೇಳಿ, ಜಾಗ ಹೇಳಿ. "ಆ ಮೇಲಿನ ಲೈನು" ಅಂದರೆ ಹತ್ತು ಜನಕ್ಕೆ ಹತ್ತು ಲೈನು ಕಾಣುತ್ತೆ. ಹೇಳಿ ಮುಗಿಸಿದ ಮೇಲೆ ಗ್ಯಾಂಗಿನಲ್ಲಿ ಎಲ್ಲರಿಗಿಂತ ಹೊಸಬನನ್ನು ಕರೆದು, ಇವತ್ತು ನಾವೇನು ಮಾಡುತ್ತೇವೆ ಹೇಳಪ್ಪಾ ಅಂತ ಕೇಳಿ. ಅವನಿಗೆ ಅರ್ಥವಾಗಿದ್ದರೆ ಎಲ್ಲರಿಗೂ ಆಗಿದೆ.

ನಮ್ಮ ಕಡೆಯವರಿಗೆ ಒಂದು ಕಷ್ಟ ಇದೆ, ಪ್ರೀತಿಯಿಂದಲೇ ಹೇಳುತ್ತೇನೆ. ದೊಡ್ಡವರ ಮುಂದೆ ಆಗಲ್ಲ ಅನ್ನೋದು ನಮಗೆ ಬಾಯಿಗೆ ಬರಲ್ಲ. "ಆಗುತ್ತೆ ಸಾರ್" ಅಂದುಬಿಡುತ್ತೇವೆ. ರಾತ್ರಿ ಎಲ್ಲ ಒದ್ದಾಡುತ್ತೇವೆ. ಬೆಳಿಗ್ಗೆ ಆಗಿರಲ್ಲ. ಅಷ್ಟು ಹೊತ್ತಿಗೆ ನಿಮ್ಮ ಹಿಂದೆ ಬರುವ ಗ್ಯಾಂಗು ಬಂದು ನಿಂತಿರುತ್ತೆ, ಕ್ರೇನ್ ಬುಕ್ ಆಗಿರುತ್ತೆ. ಕೆಟ್ಟ ಸುದ್ದಿ ಹೇಳಬೇಕಾದರೆ ಬೇಗ ಹೇಳಿ, ಎಷ್ಟು ದೊಡ್ಡದು ಹೇಳಿ, ನಿಮಗೆ ಏನು ಬೇಕು ಹೇಳಿ. ಹಿಂದಿ ಸರಿಯಾಗಿ ಬರದಿದ್ದರೆ ಇದೊಂದು ವಾಕ್ಯ ಕಲಿತು ಇಟ್ಟುಕೊಳ್ಳಿ: "ಸರ್, ಯೇ ಆಜ್ ನಹೀ ಹೋಗಾ. ಗ್ಯಾಸ್ಕೆಟ್ ನಹೀ ಆಯಾ. ಕಲ್ ಸುಬಹ್ ತಕ್ ಮಿಲಾ ತೋ ದೋಪಹರ್ ತಕ್ ಕರ್ ದೂಂಗಾ." ಅಂದರೆ, ಇದು ಇವತ್ತು ಆಗಲ್ಲ, ಗ್ಯಾಸ್ಕೆಟ್ ಬಂದಿಲ್ಲ, ನಾಳೆ ಬೆಳಿಗ್ಗೆಯೊಳಗೆ ಸಿಕ್ಕರೆ ಮಧ್ಯಾಹ್ನದೊಳಗೆ ಮಾಡಿಕೊಡುತ್ತೇನೆ ಅಂತ. ನನ್ನ ಅನುಭವದಲ್ಲಿ ಇಷ್ಟು ನೇರವಾಗಿ, ಮೊದಲೇ ಹೇಳಿದವನ ಮೇಲೆ ಯಾವ ಇಂಜಿನಿಯರೂ ಕೂಗಾಡಿದ್ದು ಕಮ್ಮಿ. ಕೂಗಿದರೂ ಹತ್ತು ನಿಮಿಷ.

ಪ್ಲಾನಿಂಗ್‌ನಲ್ಲಿ ಕೂತ ತಂಗಿಯರಿಗೆ ಒಂದು ಮಾತು. ಮೂರು ವಾರದ ಲುಕ್-ಅಹೆಡ್ ಶೀಟನ್ನು, ಅಂದರೆ ಮುಂದಿನ ಮೂರು ವಾರದ ಕೆಲಸದ ಪಟ್ಟಿಯನ್ನು, ಕಂಪ್ಯೂಟರ್ ಮುಂದೆ ಕೂತು ತುಂಬಬೇಡಿ. ಬೂಟು ಹಾಕಿ, ಹೆಲ್ಮೆಟ್ ಹಾಕಿ, ಫೋರ್ಮನ್ ಹತ್ತಿರ ಹೋಗಿ, ಸ್ಪೂಲ್ ಮುಂದೆ ನಿಂತು ತುಂಬಿ. ಸ್ಟೋರಿಗೂ ಹೋಗಿ ಸಾಮಾನು ನಿಜವಾಗಿ ರ‍್ಯಾಕಿನಲ್ಲಿ ಇದೆಯಾ ನೋಡಿ. ಕಾಗದದಲ್ಲಿ ಬಂದ ವಾಲ್ವು ಎಷ್ಟೋ ಸಲ ಕಸ್ಟಮ್ಸ್‌ನಲ್ಲೇ ಇರುತ್ತೆ.

ಶಿಫ್ಟ್ ಬದಲಾಗುವಾಗ

ಇದನ್ನು ದಯವಿಟ್ಟು ನಿಧಾನವಾಗಿ ಓದಿ.

1988ರ ಜುಲೈ 6. ಬ್ರಿಟನ್ ಕಡೆಯ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಅನ್ನುವ ಪ್ಲಾಟ್‌ಫಾರ್ಮು. ಅಲ್ಲಿ ಎರಡು ಕಂಡೆನ್ಸೇಟ್ (ಗ್ಯಾಸಿನಿಂದ ಬೇರ್ಪಡುವ, ಬೇಗ ಬೆಂಕಿ ಹತ್ತುವ ದ್ರವ) ಪಂಪು, ಎ ಮತ್ತು ಬಿ. ಆ ಹಗಲು ಎ ಪಂಪಿನ ಸೇಫ್ಟಿ ವಾಲ್ವನ್ನು ಚೆಕ್ ಮಾಡೋಕೆ ಬಿಚ್ಚಿದ್ದರು. ಸಂಜೆಯೊಳಗೆ ಮುಗಿಯಲಿಲ್ಲ. ವಾಲ್ವ್ ಇದ್ದ ಜಾಗಕ್ಕೆ ಒಂದು ಬ್ಲೈಂಡ್ ಫ್ಲ್ಯಾಂಜ್, ಅಂದರೆ ಪೈಪಿನ ಬಾಯಿಗೆ ಹಾಕುವ ಕಬ್ಬಿಣದ ಮುಚ್ಚಳ, ಮುಚ್ಚಿ ಬಿಟ್ಟರು. ಅದು ಗ್ಯಾಸ್ ತಡೆಯುವಷ್ಟು ಬಿಗಿಯಾಗಿರಲಿಲ್ಲ. ಶಿಫ್ಟ್ ಬದಲಾಯಿತು. ಆ ಕೆಲಸದ ಪರ್ಮಿಟ್ ಕಾಗದ ಕಂಟ್ರೋಲ್ ರೂಮಿಗೆ ಬಂತು, ಆದರೆ ರಾತ್ರಿ ಶಿಫ್ಟಿನವರಿಗೆ ಬಾಯಿಬಿಟ್ಟು ಯಾರೂ ಹೇಳಲಿಲ್ಲ. ರಾತ್ರಿ ಬಿ ಪಂಪು ನಿಂತುಹೋಯಿತು. ಪಂಪ್ ಇಲ್ಲದಿದ್ದರೆ ಇಡೀ ಪ್ಲಾಂಟಿನ ಕರೆಂಟು ಹೋಗುವ ಸ್ಥಿತಿ. ರಾತ್ರಿಯವರು ಕಾಗದ ಹುಡುಕಿದರು. ಎ ಪಂಪಿನ ಇನ್ನೊಂದು ಕೆಲಸದ ಪರ್ಮಿಟ್ ಸಿಕ್ಕಿತು, ಆ ಕೆಲಸ ಇನ್ನೂ ಶುರುವಾಗಿರಲಿಲ್ಲ. ಹಾಗಾದರೆ ಎ ಚಾಲೂ ಮಾಡಬಹುದು ಅಂದುಕೊಂಡರು. ವಾಲ್ವ್ ಇಲ್ಲ ಅನ್ನೋದು ಅವರಿಗೆ ಗೊತ್ತೇ ಇರಲಿಲ್ಲ. ಚಾಲೂ ಮಾಡಿದರು. ಸುಮಾರು ಹತ್ತು ಗಂಟೆಗೆ ಮೊದಲ ಸ್ಫೋಟ. ಪಕ್ಕದ ಪ್ಲಾಟ್‌ಫಾರ್ಮುಗಳಿಂದ ಎಣ್ಣೆ ಬರೋದು ಕೂಡಲೇ ನಿಲ್ಲಲಿಲ್ಲ, ಬೆಂಕಿಗೆ ಎಣ್ಣೆ ಬೀಳುತ್ತಲೇ ಇತ್ತು. 167 ಜನ ತೀರಿಕೊಂಡರು. ಆಮೇಲೆ ಲಾರ್ಡ್ ಕಲೆನ್ ತನಿಖೆ ಮಾಡಿ 1990ರಲ್ಲಿ 106 ಶಿಫಾರಸು ಕೊಟ್ಟರು. ಇವತ್ತು ನೀವು ಕಡಲಿನಲ್ಲಿ ತುಂಬುವ ಪರ್ಮಿಟ್ ಫಾರಮ್ಮು, ಹಾಕುವ ಬೀಗ, ತೂಗುಹಾಕುವ ಟ್ಯಾಗು, ಇವುಗಳ ಹಿಂದೆ ಆ ರಾತ್ರಿ ಇದೆ.

ಆ ಪ್ಲಾಟ್‌ಫಾರ್ಮಿನಲ್ಲಿ ಇದ್ದವರು ಅನುಭವ ಇದ್ದವರೇ. ಹಗಲಿನವರು ಅರ್ಧ ಕೆಲಸ ಬಿಟ್ಟರು, ರಾತ್ರಿಯವರು ಅದು ಗೊತ್ತಿಲ್ಲದೆ ಪಂಪು ಸರಿಯಾಗಿದೆ ಅಂದುಕೊಂಡರು. ಅಷ್ಟರಲ್ಲಿ ಎಲ್ಲ ಮುಗಿದುಹೋಯಿತು.

ಅದಕ್ಕೆ ಶಿಫ್ಟ್ ಬದಲಿಸೋದನ್ನು ಹೀಗೆ ಮಾಡಿ. ಕೆಲಸ ಬಿಡುವ ಅರ್ಧ ಗಂಟೆ ಮೊದಲು ಟೂಲ್ ಕೆಳಗಿಡಿ. ಪುಸ್ತಕದಲ್ಲಿ ಬರೆಯಿರಿ: ಏನು ಬಿಚ್ಚಿದ್ದೀರಿ, ಏನು ಮುಚ್ಚಿದ್ದೀರಿ, ಯಾವುದು ಕೈಬಿಗಿ ಮಾತ್ರ, ಯಾವುದಕ್ಕೆ ಬೀಗ ಇದೆ, ಬೀಗದ ಕೈ ಯಾರ ಹತ್ತಿರ. ಅರ್ಧ ಆದದ್ದನ್ನು ಮೊದಲು ಬರೆಯಿರಿ, ಪೂರ್ತಿಯಾದದ್ದನ್ನು ಆಮೇಲೆ. ನಿಮ್ಮ ಬದಲಿಗೆ ಬಂದವನನ್ನು ಆ ಜಾಗಕ್ಕೇ ಕರೆದುಕೊಂಡು ಹೋಗಿ ಬೆರಳು ತೋರಿಸಿ ಹೇಳಿ. ಊಟದ ಸಾಲಿನಲ್ಲಿ ಸಿಕ್ಕಾಗ ಹೇಳಿದ್ದು ಲೆಕ್ಕಕ್ಕೆ ಇಲ್ಲ. ಅವನು ತಲೆ ಆಡಿಸಿದರೆ ಸಾಲದು, ಅವನ ಬಾಯಿಂದ ಒಂದು ಸಲ ಹೇಳಿಸಿ. ಒಂದೇ ಮಷೀನಿನ ಮೇಲೆ ಎರಡು ಪರ್ಮಿಟ್ ಇದ್ದರೆ ಎರಡನ್ನೂ ಒಟ್ಟಿಗೆ ಇಡಿಸಿ, ಕಂಟ್ರೋಲ್ ರೂಮಿನವರು ಬೇಡ ಅಂದರೂ ಕೇಳಿ ಇಡಿಸಿ. ಇದಕ್ಕೆ ಹೋಗೋದು ಇಪ್ಪತ್ತು ನಿಮಿಷ.

ಕಡಲು ಬೇಡ ಅಂದರೆ

ಪಶ್ಚಿಮ ಕಡಲಲ್ಲಿ ದೊಡ್ಡ ಎತ್ತುವ ಕೆಲಸಗಳೆಲ್ಲ ಅಕ್ಟೋಬರ್‌ನಿಂದ ಮೇವರೆಗೆ. ಜೂನ್‌ನಲ್ಲಿ ಮುಂಗಾರು ಬಂದರೆ ಬಾರ್ಜುಗಳು ದಡ ಸೇರುತ್ತವೆ. ಅದಕ್ಕೆ ಏಪ್ರಿಲ್, ಮೇ ಅಂದರೆ ಎಲ್ಲರಿಗೂ ತಲೆಬಿಸಿ, ಇದೊಂದು ಮುಗಿಸಿಬಿಡೋಣ, ಇನ್ನೆರಡು ದಿನ ಅಂತ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಪಿ-305 ಅನ್ನುವ ವಸತಿ ಬಾರ್ಜು ಲಂಗರು ಕಿತ್ತು ತೇಲಿಹೋಗಿ ಮುಳುಗಿತು. 70ಕ್ಕೂ ಜಾಸ್ತಿ ಜನ ಸತ್ತರು. ವೆಲ್ಡರ್, ಫಿಟ್ಟರ್, ಅಡುಗೆಯವರು, ನಮ್ಮಂಥವರೇ.

ಹವಾಮಾನದ ರಿಪೋರ್ಟು ದಿನಾ ನೋಟಿಸ್ ಬೋರ್ಡಿಗೆ ಹಾಕುತ್ತಾರೆ. ಅದನ್ನು ಓದೋದು ಕಲಿಯಿರಿ. ಗಾಳಿಯ ವೇಗ, ಅಲೆಯ ಎತ್ತರ, ಎರಡು ಅಲೆಗಳ ಮಧ್ಯದ ಸೆಕೆಂಡು. ಅಲೆ ಸಣ್ಣದಿದ್ದರೂ ಆ ಸೆಕೆಂಡು ಜಾಸ್ತಿ ಇದ್ದರೆ ಬಾರ್ಜು ತೊಟ್ಟಿಲ ಥರ ಹೊಯ್ದಾಡುತ್ತೆ, ಕ್ರೇನಿನ ತುದಿಯಲ್ಲಿರುವ ಹೊರೆ ಗಡಿಯಾರದ ಲೋಲಕ ಆಗುತ್ತೆ. ಅಪಾಯ ಕಂಡರೆ ಕೆಲಸ ನಿಲ್ಲಿಸುವ ಅಧಿಕಾರ ಹೆಲ್ಪರ್‌ಗೂ ಇದೆ ಅಂತ ಇಂಡಕ್ಷನ್ ದಿನ ಹೇಳುತ್ತಾರೆ. ಅದನ್ನು ನಂಬಿ. ಕೈ ಮೇಲೆತ್ತಿ "ಸ್ಟಾಪ್" ಅಂದುಬಿಡಿ. ಆಮೇಲೆ ಏನೂ ಅಪಾಯ ಇರಲಿಲ್ಲ ಅಂತ ಗೊತ್ತಾದರೂ ಪರವಾಗಿಲ್ಲ. ನೀವು ಫೋರ್ಮನ್ ಆಗಿದ್ದು ನಿಮ್ಮ ಹುಡುಗ ಹಾಗೆ ನಿಲ್ಲಿಸಿದರೆ ಎಲ್ಲರ ಮುಂದೆ ಅವನ ಬೆನ್ನು ತಟ್ಟಿ. ಒಂದು ಸಲ ಬೈದರೆ ಆ ಗ್ಯಾಂಗಿನಲ್ಲಿ ಇನ್ನು ಯಾರೂ ಕೈ ಎತ್ತಲ್ಲ.

ಹೊರಡುವ ಮೊದಲು

ಇದು ಬೇಗ ಹೇಳಿಬಿಡುತ್ತೇನೆ. ಮೆಡಿಕಲ್ ಆಗಬೇಕು. ಕಡಲಲ್ಲಿ ಬದುಕುಳಿಯುವ ತರಬೇತಿ ಆಗಬೇಕು, ಗೋವಾದ ಬೇತುಲ್‌ನಲ್ಲಿ ಓಎನ್‌ಜಿಸಿಯ ಸುರಕ್ಷತಾ ಸಂಸ್ಥೆ ಇದೆ, ಖಾಸಗಿಯವೂ ಇವೆ. ಅದರಲ್ಲಿ ಹೆಲಿಕಾಪ್ಟರ್ ಡಬ್ಬಿಯನ್ನು ಕೊಳದಲ್ಲಿ ಮುಳುಗಿಸಿ ತಲೆಕೆಳಗು ಮಾಡುತ್ತಾರೆ. ಒಂದು ಕೈ ಕಿಟಕಿ ಮೇಲೆ ಇರಲಿ, ತಿರುಗೋದು ಪೂರ್ತಿ ನಿಲ್ಲಲಿ, ಆಮೇಲೆ ಬೆಲ್ಟ್ ಬಿಚ್ಚಿ. ನಮ್ಮ ರಾಯಚೂರು ಕಡೆ ಈಜು ಬರದವರು ಬಹಳ ಜನ, ಟ್ರೇನರ್‌ಗೆ ಮೊದಲೇ ಹೇಳಿ, ನಾಚಿಕೆ ಬೇಡ. ಏಜೆಂಟರಿಗೆ ದುಡ್ಡು ಕೊಡುವ ಮೊದಲು ಆಫರ್ ಲೆಟರ್ ಓದಿಸಿ. ಗಲ್ಫ್ ಕಡೆ ಆದರೆ ಆ ಏಜೆಂಟು ಸರ್ಕಾರದ ಇ-ಮೈಗ್ರೇಟ್‌ನಲ್ಲಿ ನೋಂದಣಿ ಆಗಿದ್ದಾನಾ ನೋಡಿ. ನನ್ನ ಜೊತೆಗಿದ್ದ ಇಬ್ಬರು 80 ಸಾವಿರ ಕೊಟ್ಟು ಮೂರು ತಿಂಗಳು ಮುಂಬೈಯ ಒಂದು ಕೋಣೆಯಲ್ಲಿ ಕೂತು ವಾಪಸ್ ಬಂದರು.

ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ, ಜಾಸ್ತಿಯೇ ಒಯ್ಯಿರಿ. ಬಾರ್ಜಿನಲ್ಲಿ ಮಲಯಾಳಿ ಕ್ರೇನ್ ಆಪರೇಟರ್, ಬಿಹಾರದ ಗ್ರೈಂಡರ್, ತಮಿಳು ಸ್ಕ್ಯಾಫೋಲ್ಡರ್, ಎಲ್ಲರೂ ಇರುತ್ತಾರೆ. ರೊಟ್ಟಿ ಹಂಚಿಕೊಂಡು ತಿಂದ ಕ್ರೇನ್ ಆಪರೇಟರ್ ನಿಮ್ಮ ಕೈ ಸನ್ನೆಯನ್ನು ಎರಡು ಸಲ ನೋಡಿ ಹೊರೆ ಇಳಿಸುತ್ತಾನೆ, ಇದು ನಾನು ಕಣ್ಣಾರೆ ನೋಡಿದ್ದು.

ಇನ್ನು ಊರಿಗೆ ವಾಪಸ್ ಬರುವ ದಿನ. ಎಲ್ಲರಿಗೂ ಆವತ್ತು ಮನಸ್ಸು ಹೊಸಪೇಟೆ ಸ್ಟೇಷನ್ನಿನಲ್ಲೇ ಇರುತ್ತೆ. ಆದರೂ ಹೆಲಿಕಾಪ್ಟರ್ ಟೈಮಿಗೆ ಎರಡು ಗಂಟೆ ಮೊದಲು ನಿಮ್ಮ ಜಾಗಕ್ಕೆ ಬಂದವನನ್ನು ಹಿಡಿದು ಕೂರಿಸಿ. ಪುಸ್ತಕ ತೆರೆಯಿರಿ. ಕೆಂಪು ಸುತ್ತು ಇರುವ ಡ್ರಾಯಿಂಗ್ ಮುಂದೆ ಇಡಿ. ಒಂದೊಂದು ಸುತ್ತಿನ ಜಾಗಕ್ಕೂ ಅವನ ಜೊತೆ ನಡೆದು ಹೋಗಿ, ವಾಲ್ವಿನ ಮೇಲೆ ಅವನ ಕೈ ಇಡಿಸಿ. ನಿಮ್ಮ ಹೆಸರಿನ ಬೀಗಗಳನ್ನು ತೆಗೆದು ಅವನ ಬೀಗ ಹಾಕಿಸಿ, ಕಂಟ್ರೋಲ್ ರೂಮಿನಲ್ಲಿ ಇಬ್ಬರೂ ಸಹಿ ಮಾಡಿ. ಊರಿನ ಫೋನ್ ನಂಬರ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಡಿ, ರಾತ್ರಿ ಎಷ್ಟು ಹೊತ್ತಿಗಾದರೂ ಮಾಡು ಅಂತ ಹೇಳಿ. ಆಮೇಲೆ ಬ್ಯಾಗ್ ತೂಕ ಹಾಕಿಸೋಕೆ ಹೋಗಿ.